ಅಲಕನಂದೆಯ ದಾರಿಯಲ್ಲಿ ಮಡಿ

ಆಗಿನ ಕಾಲದಲ್ಲಿ ಬದರಿಗೆ ಹೋಗುವ ಬಸ್ಸು ಪೀಪಲ್‌ಕೋಟಿಗೇ ನಿಂತುಬಿಡುತ್ತಿತ್ತು, ಅಲ್ಲಿಂದಾಚೆ ಕಾಲುದಾರಿ. ಚಾಮುಂಡಿ ಬೆಟ್ಟ ಹತ್ತಿ ಪಳಗಿದವನೆಂಬ ನನ್ನ ಜಂಬ ಮೊದಲನೆಯ ಏರಿನಲ್ಲೇ ಇಳಿಯಿತು. ಚಾಮರಾಜಪುರಂನ ನಮ್ಮ ಸೋದರತ್ತೆಗಂತೂ ನಡೆಯುವ ಶಕ್ತಿಯೇ ಇಲ್ಲ. ಅವರನ್ನು ಬುಟ್ಟಿಯಲ್ಲಿ ಕೂರಿಸಿ ಬೆನ್ನಮೇಲೆ ಹೊತ್ತವನು ಅಲ್ಲಿಯ ಕೂಲಿಯಾಳು ಬಚನ್ ಸಿಂಗ್. ಬುಟ್ಟಿಯಲ್ಲಿ ಕೂತವರ ಮುಖ ಹಿಂದಕ್ಕಿರುತ್ತದೆ. ಹಾಗಾಗಿ ಅತ್ತೆ ದಿನವಿಡೀ ನೋಡಿದ್ದು ದಾಟಿಬಂದ ಹಾದಿಯನ್ನು, ಕೆಳಗಿನ ಕಮರಿಯಲ್ಲಿ ಮೊರೆಯುವ ಅಲಕನಂದೆಯನ್ನು; ಹೊತ್ತವನ ಮುಖವನ್ನಲ್ಲ.

ಸಂಜೆ ಯಾತ್ರಿಕರ ತಂಗುದಾಣ ಸೇರಿದೆವು. ಎದುರಿಗೇ ಹಿಮದ ಬೆಟ್ಟ. ಅತ್ತೆ ಬುಟ್ಟಿಯಿಂದ ಇಳಿದವರೇ, "ತಲೆಮೇಲೆ ನೀರು ಹುಯ್ಯೋ. ಅವನ ಬೆವರು ತಾಗಿದೆ" ಎಂದರು.

"ಹಿಮ ಕರಗಿದ ನೀರು ಅತ್ತೆ. ಇವತ್ತೊಂದಿನ ಬಿಟ್ಬಿಡಿ."

"ಮಡಿ ಇಲ್ದೆ ಅಡುಗೆ ಹ್ಯಾಗೋ ಮಾಡ್ಲಿ? ಹುಯ್ಯಿ."

ಮೈಸೂರಿನಿಂದ ಹೊರಡುವಾಗ ಕಂಬಳಿ ಮರೆತ ನಾವು ಮಡಿಯನ್ನು ಮಾತ್ರ ಮರೆಯದೆ ತಂದಿದ್ದೆವು. ಹುಯ್ದೆ. ಅವರ ತುಟಿ ನೀಲಿಗಟ್ಟಿತು, ಹಲ್ಲು ಕಟಕಟ ಎಂದವು.

ಬಚನ್ ಸಿಂಗ್ ದೂರದಲ್ಲಿ ನಿಂತು ನೋಡುತ್ತಿದ್ದ. ಅವನ ಹೆಗಲಮೇಲೆ ಹಗ್ಗದ ಕೆಂಪು ಬರೆ. "ಈ ಚಳಿಯಲ್ಲೂ ದೇವರಿಗಾಗಿ ಸ್ನಾನ! ಇಂಥ ತಾಯಿಯನ್ನು ಹೊತ್ತದ್ದು ನನ್ನ ಪುಣ್ಯ" ಎಂದು ಹಿಂದಿಯಲ್ಲಿ ನನಗೆ ಹೇಳಿದ. ನಾನು ತಡೆಯುವಷ್ಟರಲ್ಲಿ ಮುಂದೆ ಬಂದು ಅತ್ತೆಯ ಒದ್ದೆ ಪಾದಕ್ಕೆ ಹಣೆ ಹಚ್ಚಿದ.

ಅತ್ತೆ ಕಣ್ಣು ಮುಚ್ಚಿಕೊಂಡರು. ನಡುಗುತ್ತಲೇ ನನಗೆ ಹೇಳಿದರು:

"ಇನ್ನೊಂದು ಬಿಂದಿಗೆ ತಾರೋ."