ಮೊದಲು ಐಬು

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸುರಪುರ ಮತ್ತು ರಂಗಂಪೇಟೆಯ ಅರ್ಧ ಮದುವೆಗಳನ್ನು ಕೂಡಿಸಿದವಳು. ಉಳಿದರ್ಧ ತನ್ನನ್ನು ಕೇಳದೆ ಆದವು, ಅದಕ್ಕೇ ಆ ಮನೆಗಳಲ್ಲಿ ದಿನಾ ಜಗಳ ಎನ್ನುತ್ತಿದ್ದಳು. ಅವಳದೊಂದು ನಿಯಮವಿತ್ತು. ಹೆಣ್ಣು ನೋಡಲು ಬಂದವರು ಕಾಲು ತೊಳೆದು ಕೂತ ಕೂಡಲೇ, ಅವಲಕ್ಕಿ ತಟ್ಟೆ ಬರುವ ಮುಂಚೆ, ಎರಡೂ ಕಡೆಯವರು ತಮ್ಮ ತಮ್ಮ ಐಬು ಹೇಳಿಬಿಡಬೇಕು. ಹುಡುಗಿಗೆ ಮೆಳ್ಳಗಣ್ಣಿರಲಿ, ಹುಡುಗನಿಗೆ ಇಸ್ಪೀಟಿನ ಚಟವಿರಲಿ, ಮೊದಲು ಅದು. ಗುಣಗಾನವೆಲ್ಲ ಆಮೇಲೆ.

ಶಹಾಪುರದ ಒಬ್ಬ ವರನಿಗೆ ಎಡಗಿವಿ ಕೇಳುತ್ತಿರಲಿಲ್ಲವಂತೆ. ಅವನ ಕಡೆಯವರು ಅದನ್ನು ಮುಚ್ಚಿಟ್ಟು ಮದುವೆ ಮುಗಿಸಿದ್ದರು. "ಹೇಂತಿ ಕೂಡೋದು ಎಡಕ್ಕ. ಆಕಿ ಇವತ್ತಿಗೂ ಒದರಾಕತ್ತಾಳ" ಎಂದು ಆಯಿ ಆ ಕಥೆಯನ್ನು ಮುಗಿಸುತ್ತಿದ್ದಳು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅದೇ ನಿಯಮ ಒಂದು ದಿನ ನನ್ನ ತಲೆಯ ಮೇಲೆ ಬಂದು ಕೂರುತ್ತದೆಂದು ಯಾರಿಗೆ ಗೊತ್ತಿತ್ತು?

ನಿಜಾಮರ ಆಳ್ವಿಕೆ ಹೋಗಿ ಕೆಲವು ವರ್ಷಗಳಾಗಿದ್ದವು. ನಾನು ಮೆಟ್ರಿಕ್‌ವರೆಗೆ ಉರ್ದುವಿನಲ್ಲಿ ಓದಿದವಳು. ಗುಲಬರ್ಗಾದ ಕಾಲೇಜು ಸೇರುವಷ್ಟರಲ್ಲಿ ಪಾಠವೆಲ್ಲ ಇಂಗ್ಲಿಷಿಗೆ ಹೊರಳಿತ್ತು. ತೇಜಾಬು ಅಂದರೆ ಗೊತ್ತಿದ್ದ ನನಗೆ ಆಸಿಡ್ ಅಂದರೆ ತಲೆಬುಡ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಬಾಯಿಬಿಡಲು ಗರ್ವ ಅಡ್ಡ ಬಂತು. ಮುಂದಿನ ಬೆಂಚಿನಲ್ಲೇ ಕೂತು, ಎಲ್ಲ ಅರ್ಥವಾದವಳಂತೆ ಗೋಣು ಆಡಿಸಿದೆ. ಪರೀಕ್ಷೆಯಲ್ಲಿ ಗೋಣಿಗೆ ಯಾರೂ ಅಂಕ ಕೊಡುವುದಿಲ್ಲವಲ್ಲ. ರಸಾಯನಶಾಸ್ತ್ರದಲ್ಲಿ ಡುಮ್ಕಿ ಹೊಡೆದೆ. ಪ್ರಿನ್ಸಿಪಾಲರು ನನ್ನನ್ನು ಷರತ್ತಿನ ಮೇಲೆ ಇಟ್ಟುಕೊಂಡರು. ಮುಂದಿನ ಪರೀಕ್ಷೆಯಲ್ಲೂ ನಾಪಾಸಾದರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗಬೇಕು. ಆಗ ನನ್ನ ಗರ್ವ ಇಳಿಯಿತು. ತಿಳಿಯದ್ದನ್ನೆಲ್ಲ ಕೇಳಲು ಶುರುಮಾಡಿದೆ. ಎಷ್ಟು ಕೇಳಿದೆನೆಂದರೆ ನಮ್ಮ ಮಾಸ್ತರರು ನನ್ನನ್ನು ಕಂಡು ಬೇರೆ ದಾರಿ ಹಿಡಿಯುತ್ತಿದ್ದರು. ಕಡೆಗೆ ಇಂಟರ್‌ಮೀಡಿಯೆಟ್ಟನ್ನು ಒಳ್ಳೆಯ ಅಂಕಗಳಿಂದಲೇ ಮುಗಿಸಿದೆ.

ಹೈದರಾಬಾದಿನ ವೈದ್ಯಕೀಯ ಕಾಲೇಜಿನ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು. ಹಿಂದೆ ಯಾವಾಗಲಾದರೂ ನಿಮ್ಮನ್ನು ಷರತ್ತಿನ ಮೇಲೆ ಇಡಲಾಗಿತ್ತೇ?

ಶಾಲಾ ಮಾಸ್ತರರಾಗಿದ್ದ ಅಪ್ಪ ಗಡ್ಡ ಕೆರೆದುಕೊಂಡು ಹೇಳಿದರು, "ಅಂಕಪಟ್ಟಿಯಾಗ ಅದು ಎಲ್ಲೂ ಇಲ್ಲ. ಸುಮ್ನ ಒಂದು ಗೀಟು ಎಳದು ಬಿಡು."

ಅವರ ಅಂಜಿಕೆಗೆ ಕಾರಣವಿತ್ತು. ರಾಜ್ಯ ಒಡೆಯುತ್ತದೆ, ನಾವು ಮೈಸೂರಿನ ಕಡೆ ಸೇರುತ್ತೇವೆ ಎಂಬ ಮಾತು ಎಲ್ಲೆಡೆ ಹಬ್ಬಿತ್ತು. ಮರುವರ್ಷ ಹೈದರಾಬಾದಿನಲ್ಲಿ ನಾವು ಹೊರಗಿನವರು. ಅದಲ್ಲದೆ ಯಾದಗಿರಿಯಲ್ಲಿ ನನಗೊಂದು ವರನನ್ನೂ ನೋಡಿಟ್ಟಿದ್ದರು. ಸೀಟು ಸಿಕ್ಕರೆ ಕಾಲೇಜು, ಇಲ್ಲವಾದರೆ ಅದೇ ವರ್ಷ ಅಕ್ಷತೆ. ನನಗಂತೂ ಆ ಗೀಟು ಎಳೆಯಲು ಕೈ ತುರಿಸುತ್ತಿತ್ತು.

ಆಯಿ ಪಡಸಾಲೆಯಿಂದಲೇ ಕೇಳಿಸಿಕೊಂಡಿದ್ದಳು. "ಅವರಾಗೇ ಕೇಳ್ಯಾರಲ್ಲೋ ತಮ್ಮ. ಕೇಳಿದ ಮ್ಯಾಲೂ ಮುಚ್ಚಿದ್ರ ನಮಗೂ ಆ ಶಹಾಪುರದವರಿಗೂ ಏನ್ ಫರಕು?"

ಅಪ್ಪ ತಾಯಿಗೆ ಎದುರಾಡಿದವರಲ್ಲ. ನಾನು ಹೌದೆಂದು ಬರೆದು, ಕಾರಣವನ್ನೂ ಬರೆದೆ. ಸಿಟ್ಟಿಗೆ ಲೇಖನಿಯ ಮುಳ್ಳು ಕಾಗದವನ್ನು ಎರಡು ಕಡೆ ತೂತು ಮಾಡಿತು.

ಸಂದರ್ಶನಕ್ಕೆ ಕರೆ ಬಂತು. "ಹೆಣ್ಣು ನೋಡಾಕ ಕರದಾರ, ಹಿರೇರು ಇಲ್ದ ಹ್ಯಾಂಗ?" ಎಂದು ಆಯಿಯೂ ಹೊರಟಳು. ಬಸ್ಸು ಶಹಾಪುರ ಮುಟ್ಟುವುದರೊಳಗೆ ಮುಂದಿನ ಸೀಟಿನವರಿಗೆ ನನ್ನ ರಸಾಯನಶಾಸ್ತ್ರದ ಕಥೆ ಗೊತ್ತಾಗಿತ್ತು. ಯಾದಗಿರಿ ಸ್ಟೇಶನ್ನಿನಲ್ಲಿ ಚಹಾದವನಿಗೆ ಗೊತ್ತಾಯಿತು. ವಾಡಿಯಲ್ಲಿ ಗಾಡಿ ಬದಲಿಸಿದಾಗ, ಇಳಿದುಹೋಗುತ್ತಿದ್ದ ಒಬ್ಬ ಮುದುಕಿ ನನ್ನ ತಲೆ ಸವರಿ, "ಇನ್ನೊಮ್ಮಿ ಹಂಗ ಮಾಡಬ್ಯಾಡ ಮಗಳ" ಎಂದು ಬುದ್ಧಿ ಹೇಳಿದಳು. ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಕಾಲೇಜಿನಲ್ಲಿ ಜವಾನ ನನ್ನ ಹೆಸರು ಕೂಗಿದಾಗ ಆಯಿ ನನಗಿಂತ ಮೊದಲೇ ಒಳಗೆ ನಡೆದಳು. ತಡೆಯಲು ಬಂದ ಜವಾನ ಅವಳ ಮುಖ ನೋಡಿ ಬದಿಗೆ ಸರಿದ. ಒಳಗೆ ಶೇರ್ವಾನಿ ತೊಟ್ಟ ವಯಸ್ಸಾದ ಪ್ರಿನ್ಸಿಪಾಲರು ಕೂತಿದ್ದರು. ಪಕ್ಕದಲ್ಲಿ ಒಬ್ಬ ಡಾಕ್ಟರಮ್ಮ. ಆಕೆ ರಾಯಚೂರು ಕಡೆಯವರು ಅನ್ನುವುದು ಬಾಯಿ ತೆರೆದ ಕೂಡಲೇ ತಿಳಿಯಿತು.

ಆಯಿ ಕುರ್ಚಿ ಎಳೆದುಕೊಂಡು ಕೂತಳು. "ನಮ್ಮ ಹುಡುಗಿ ಹ್ಯಾಂಗದಾಳ ಅನ್ನೋದು ನೀವ ನೋಡ್ರಿ. ಮೊದಲು ಐಬು ಹೇಳ್ತೀನಿ. ಕಾಲೇಜಿನಾಗ ಒಮ್ಮಿ ನಾಪಾಸಾಗ್ಯಾಳ. ಷರತ್ತಿನ ಮ್ಯಾಲ ಇಟಗೊಂಡಿದ್ರು."

"ಅರ್ಜಿಯಾಗ ಓದೀವಿ, ಅಮ್ಮಾ" ಎಂದರು ಡಾಕ್ಟರಮ್ಮ.

"ಓದೋದು ಬ್ಯಾರೆ. ಎದುರಿಗೆ ಕುಂತು ಹೇಳೋದು ಬ್ಯಾರೆ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಯಾಕ ನಾಪಾಸಾದಿ?"

ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದ ಉತ್ತರ ಅಲ್ಲಿಗೆ ಹಾರಿಹೋಯಿತು. "ತಿಳೀತಿರಲಿಲ್ರಿ. ತಿಳಿದಂಗ ಗೋಣು ಆಡಿಸ್ತಿದ್ದೆ. ಷರತ್ತು ಹಾಕಿದ ಮ್ಯಾಲ ಕೇಳೋದು ಕಲತೀನಿ. ಈಗ ತಿಳಿಲಿಲ್ಲಂದ್ರ ತಿಳಿಲಿಲ್ಲ ಅಂತೀನ್ರಿ." ಹೇಳಿ ಮುಗಿಸಿದ ಮೇಲೆ ಮನಸ್ಸು ಹಗುರಾಯಿತು.

ಡಾಕ್ಟರಮ್ಮ ಅದನ್ನು ಉರ್ದುವಿನಲ್ಲಿ ಪ್ರಿನ್ಸಿಪಾಲರಿಗೆ ತಿಳಿಸಿದರು. ಅವರು ತಲೆದೂಗಿದರು. ಮಾತು ಮುಗಿಯಿತು ಎಂದುಕೊಂಡು ನಾನು ಏಳುವಷ್ಟರಲ್ಲಿ ಆಯಿ ಕೇಳಿದಳು, "ಇನ್ನ ನಿಮ್ಮ ಕಡೀದು ಹೇಳ್ರಿ."

"ನಮ್ಮ ಕಡೀದೇನು?"

"ಐಬು. ನಮ್ಮದು ನಾವು ಹೇಳೀವಿ. ಕಾಲೇಜಿಂದು ಏನದ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಡಾಕ್ಟರಮ್ಮ ನಗು ತಡೆಯುತ್ತಲೇ ಉರ್ದುವಿಗೆ ಹೊರಳಿಸಿದರು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಬಹಳ ಗಂಭೀರವಾಗಿ ಉತ್ತರ ಕೊಟ್ಟರು. ಹುಡುಗಿಯರ ಹಾಸ್ಟೆಲಿನಲ್ಲಿ ಬೇಸಿಗೆಗೆ ನೀರು ಸಾಲದು. ಹೆಣ ಕೊಯ್ಯುವ ಕೋಣೆಯ ನಾತ ಊಟದ ತಟ್ಟೆಯವರೆಗೂ ಬರುತ್ತದೆ. ಕೆಲವು ಹುಡುಗಿಯರು ಹೆದರಿ ಮನೆಗೆ ಓಡಿಹೋಗಿದ್ದಾರೆ.

ಡಾಕ್ಟರಮ್ಮ ಕನ್ನಡದಲ್ಲಿ ತಿಳಿಸಿದ್ದನ್ನೆಲ್ಲ ಕೇಳಿ ಆಯಿ ಕೈಮುಗಿದು ಎದ್ದಳು. ಹೊರಗೆ ಬಂದವಳೇ ಅಪ್ಪನಿಗೆ ಹೇಳಿದಳು, "ಮಂದಿ ಛಲೋ ಅದಾರ. ಏನೂ ಮುಚ್ಚಲಿಲ್ಲ."

ಕೆಲವು ವಾರಗಳ ಮೇಲೆ ಕಾಗದ ಬಂತು. ಸೀಟು ಕೊಟ್ಟಿದ್ದರು. ಆದರೆ ಮೊದಲ ಪರೀಕ್ಷೆಯವರೆಗೆ ಇಲ್ಲೂ ಷರತ್ತಿನ ಮೇಲೆ. ಓದಿ ಹೇಳುವಾಗ ಅಪ್ಪನ ದನಿ ಕುಗ್ಗಿತು. ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಅಳು ಬಂತು. ಗೀಟು ಎಳೆದಿದ್ದರೆ ಈ ಬಾಲ ಇರುತ್ತಿರಲಿಲ್ಲ ಎಂದು ಆಯಿಯ ಮುಂದೆಯೇ ಅಂದುಬಿಟ್ಟೆ.

ಆಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಇರ್ಲಿ ಬಿಡು ಷರತ್ತು. ಅವರು ನಿನ್ನ ನೋಡ್ಲಿ, ನೀ ಅವರ್ನ ನೋಡು. ಹೊಂದಲಿಲ್ಲಂದ್ರ ಗಾಡಿ ಹತ್ತಿ ಮನಿಗಿ ಬಾ."

ಕೈಗೆ ಸಿಕ್ಕ ಒಂದು ಹರಳನ್ನು ಅಂಗಳಕ್ಕೆ ಎಸೆದಳು.

"ಎಷ್ಟು ಹುಡುಗ್ಯಾರ್ನ ಗಂಡನ ಮನಿಗಿ ಕಳಿಸೀನಿ ನಾ ಈ ಊರಿಂದ. ಒಬ್ಬಾಕಿಗೂ ಈ ಮಾತು ಹೇಳಾಕ ಆಗಿರಲಿಲ್ಲ."