ಇಲಿ ಔಷಧಿಯವರ ಮ್ಯಾಟಿನಿ

ನಮ್ಮ ಯಜಮಾನರು ಇಲಿ ಔಷಧಿ ಮಾರುತ್ತಾರೆ ಎಂದು ಇಡೀ ಬೀದಿ ನಂಬಿಕೊಂಡಿದೆ. ಗೋಡೌನುಗಳಿಗೆ ಸಪ್ಲೈ ಮಾಡುತ್ತಾರೆ, ಅದಕ್ಕೇ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಬರುತ್ತಾರೆ ಎಂದು ನಾನೇ ಎಲ್ಲರಿಗೂ ಹೇಳಿಟ್ಟಿದ್ದೇನೆ. ಇಲಿ ಔಷಧಿಯ ಒಂದು ಗುಣವೆಂದರೆ ಅದರ ಬಗ್ಗೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಮಹಡಿ ಮನೆಯ ರಿಟೈರ್ಡ್ ಮೇಷ್ಟ್ರು ಮಾತ್ರ ಆಗಾಗ "ಎರಡು ಪೊಟ್ಟಣ ಕೊಡಿ ಸಾರ್" ಎನ್ನುತ್ತಾರೆ. ಆಗ ಇವರು ದೊಡ್ಡ ಬೀದಿಯ ಅಂಗಡಿಯಲ್ಲಿ ಕೊಂಡು ತಂದು, ಬೆಲೆಯ ಚೀಟಿ ಕಿತ್ತು, ಸ್ಯಾಂಪಲ್ ಬಂದಿತ್ತು ಎಂದು ಕೊಡುತ್ತಾರೆ.

ನಿಜ ಏನೆಂದರೆ ಅವರು ಖಾಸಗಿ ಪತ್ತೇದಾರರು. ಹಾಗೆಂದ ಕೂಡಲೇ ಪಿಸ್ತೂಲು, ಕೊಲೆ ಎಂದೆಲ್ಲ ನೆನಪಾದರೆ ಅದು ನಿಮ್ಮ ತಪ್ಪಲ್ಲ, ಸಿನಿಮಾದವರ ತಪ್ಪು. ಬೆನ್ನುಮೂಳೆ ಮುರಿದಿದೆ ಎಂದು ವಿಮೆ ಕೇಳಿದವನು ಮನೆಯಲ್ಲಿ ಏಣಿ ಹತ್ತಿ ಬಣ್ಣ ಬಳಿಯುತ್ತಿದ್ದಾನೆಯೇ, ಕಾರ್ಖಾನೆಯ ಸಾಮಾನು ಹಿಂಬಾಗಿಲಿನಿಂದ ಯಾರ ಮನೆಗೆ ಹೋಗುತ್ತಿದೆ, ಇಂಥದ್ದೇ ಅವರ ಕೆಲಸ. ಹತ್ತರಲ್ಲಿ ಒಂಬತ್ತು ಪಾಲು ಕಾಯುವುದು. ದೇವರು ಅದಕ್ಕೆ ತಕ್ಕ ಮುಖವನ್ನೂ ಕೊಟ್ಟಿದ್ದಾನೆ, ನೋಡಿದ ಮರುಗಳಿಗೆಗೆ ಮರೆತುಹೋಗುವ ಮುಖ. ಮದುವೆಗೆ ಮುಂಚೆ ಎರಡನೇ ಸಲ ಮನೆಗೆ ಬಂದಾಗ ನಾನೇ ಇವರನ್ನು ಗುರುತಿಸದೆ, ಹುಡುಗನ ಅಣ್ಣನಿರಬೇಕು ಅಂದುಕೊಂಡಿದ್ದೆ.

ಮದುವೆಯಾದ ಹೊಸದರಲ್ಲೇ ಅವರು ಒಂದೇ ಒಂದು ಷರತ್ತು ಹಾಕಿದ್ದರು. "ಮನೇಲಿ ಹೇಳಿದ್ದು ಮನೇಲೇ ಇರಬೇಕು. ನನ್ನ ಕೆಲಸ ಏನು, ಹೇಗೆ ಮಾಡ್ತೀನಿ ಅಂತ ನಾಲ್ಕು ಜನಕ್ಕೆ ಗೊತ್ತಾದ ದಿನ ನಮ್ಮ ಅನ್ನಕ್ಕೆ ಕಲ್ಲು ಬಿತ್ತು ಅಂತ ತಿಳ್ಕೋ." ಇಪ್ಪತ್ತೆರಡು ವರ್ಷ ಆ ಮಾತು ಉಳಿಸಿಕೊಂಡೆ. ಕಡೆಗೆ ಅದನ್ನು ಮುರಿದದ್ದು ಯಾವ ಶತ್ರುವಿನ ಮುಂದೆಯೂ ಅಲ್ಲ, ನನ್ನ ಸ್ವಂತ ತಮ್ಮನ ಮುಂದೆ.

ಅದಕ್ಕೂ ನನ್ನ ಹಾಳು ಸ್ವಭಾವವೇ ಕಾರಣ. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಡಾಕ್ಟರರ ಕೋಳಿಕಾಲು ಅಕ್ಷರ ಓದಿ ಓದಿ, ತಪ್ಪು ಕಂಡರೆ ತಿದ್ದದೆ ಇರಲಾರದಂತಾಗಿದ್ದೇನೆ. ತಮ್ಮ ಹತ್ತು ವರ್ಷ ಸಿನಿಮಾದವರ ಹಿಂದೆ ಕ್ಲಾಪ್ ಬೋರ್ಡು ಹಿಡಿದು ಅಲೆದು, ಈಗ ತಾನೇ ಒಂದು ಚಿತ್ರ ಮಾಡುತ್ತೇನೆಂದು ನಮ್ಮ ಅಡುಗೆಮನೆಯಲ್ಲಿ ಕೂತು ಕತೆ ಬರೆಯುತ್ತಿದ್ದ. ಒಂದು ದಿನ ಓದಿ ಹೇಳಿದ. ಪತ್ತೇದಾರ ನಾಯಕ ಅನುಮಾನದ ಮನೆಗೆ ನೇರವಾಗಿ ಹೋಗಿ, ಬಾಗಿಲು ತಟ್ಟಿ, "ನಿನ್ನೆ ರಾತ್ರಿ ನೀವು ಎಲ್ಲಿದ್ದಿರಿ?" ಎಂದು ಕೇಳುತ್ತಾನಂತೆ.

"ಹಾಗೆ ಕೇಳಿದ್ರೆ ಯಾವ ಪೆದ್ದ ಬಾಯಿ ಬಿಡ್ತಾನೋ?" ಎಂದೆ. ಅಷ್ಟೇ. ಆ ಒಂದು ಮಾತಿನಿಂದ ಶುರುವಾದದ್ದು ಏಳು ತಿಂಗಳು ನಿಲ್ಲಲಿಲ್ಲ. ಅವನು ತಪ್ಪು ಬರೆಯುವುದು, ನಾನು ಇವರ ಕೇಸುಗಳನ್ನು ಹೇಳಿ ತಿದ್ದುವುದು. "ಅಕ್ಕ, ಹೆಸರು, ಬೀದಿ, ಕೇಸು ಎಲ್ಲಾ ಬದಲಾಯಿಸ್ತೀನಿ, ಭಾವನಿಗೆ ಸುಳಿವೂ ಸಿಗಲ್ಲ" ಎಂದು ನನ್ನ ತಲೆ ಮುಟ್ಟಿ ಹೇಳಿದ. ಅವನು ಹೇಳಿದ, ನಾನು ನಂಬಿದೆ.

ಚಿತ್ರದ ಹೆಸರು ಹೇಳಿದರೂ ನೀವು ನೋಡಿರುವುದಿಲ್ಲ, ಬಿಡಿ. ಒಂದೇ ಥಿಯೇಟರಿನಲ್ಲಿ ಒಂದು ವಾರ, ಅದೂ ಬರೀ ಮ್ಯಾಟಿನಿ. ನಮ್ಮ ಬಸ್ ಸ್ಟಾಪಿನ ಗೋಡೆಯ ಮೇಲೆ ಪೋಸ್ಟರು ಬಂತು. ಕೆಳಗೆ ಕೆಂಪು ಅಕ್ಷರದಲ್ಲಿ ಬರೆದಿದ್ದರು: ನೈಜ ಘಟನೆಗಳನ್ನು ಆಧರಿಸಿದ್ದು. ಫೋನು ಮಾಡಿ ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. "ಹಾಗೆ ಹಾಕಿದ್ರೆ ನಾಲ್ಕು ಜನ ಜಾಸ್ತಿ ಬರ್ತಾರೆ ಅಕ್ಕ" ಎಂದ. ಸಾಲದ್ದಕ್ಕೆ ಮರುದಿನ ಮನೆಗೇ ಬಂದು "ಭಾವ, ಐದನೇ ದಿನದ ಆಟಕ್ಕೆ ಅಕ್ಕನ್ನ ಕರ್ಕೊಂಡು ನೀವು ಬರಲೇಬೇಕು" ಎಂದು ಮೂರು ಟಿಕೆಟ್ ಕೊಟ್ಟುಹೋದ. ಮೂರನೆಯದನ್ನು ಇವರು ಮಹಡಿ ಮನೆಯ ಮೇಷ್ಟ್ರಿಗೆ ಕೊಟ್ಟರು. ಇವರ ಮುಖ ನೋಡಿದೆ. ಆ ಮುಖದಲ್ಲಿ ಏನಾದರೂ ಕಂಡರೆ ತಾನೇ?

ಆ ಮಧ್ಯಾಹ್ನ ಥಿಯೇಟರಿನಲ್ಲಿ ನಲವತ್ತು ಜನ ಇದ್ದರೆ ಹೆಚ್ಚು. ಗೋಡೆಯ ಫ್ಯಾನುಗಳು ಕಿರುಗುಟ್ಟುತ್ತಿದ್ದವು. ನನ್ನ ಎಡಕ್ಕೆ ಇವರು, ಇವರ ಎಡಕ್ಕೆ ಮೇಷ್ಟ್ರು. ಇವರು ಎದ್ದು ಹೊರಟುಹೋಗುತ್ತಾರೋ, ಅಥವಾ ಏನೂ ಹೇಳದೆ ಇನ್ನು ಮುಂದೆ ನನ್ನ ಹತ್ತಿರ ಮಾತು ನಿಲ್ಲಿಸಿಬಿಡುತ್ತಾರೋ ಎಂದು ಲೆಕ್ಕ ಹಾಕುತ್ತ ಕೂತಿದ್ದೆ. ಎರಡನೆಯದೇ ನನಗೆ ಹೆಚ್ಚು ಭಯ.

ಶುರುವಿನ ಅರ್ಧ ಗಂಟೆ ಮಾತ್ರ ಜೀವ ಬಂದಂತಾಯಿತು. ಚಿತ್ರ ಅಷ್ಟು ಕೆಟ್ಟದಾಗಿತ್ತು. ನಾಯಕ ಆರಡಿ ಹುಡುಗ, ಸುಡುಬಿಸಿಲಿನಲ್ಲಿ ಮೊಣಕಾಲು ಮುಟ್ಟುವ ಕೋಟು, ಮನೆಯೊಳಗೂ ಕಪ್ಪು ಕನ್ನಡಕ. ಅವನು ನಡೆದುಹೋದರೆ ಬೀದಿಯ ನಾಯಿಗೂ ಪತ್ತೇದಾರ ಎಂದು ಗೊತ್ತಾಗಬೇಕು. ಪೊಲೀಸ್ ಸ್ಟೇಷನ್ನಿನ ಕಿಟಕಿಯ ಸರಳೂ ಖಳನಾಯಕನ ಬಂಗಲೆಯ ಸರಳೂ ಒಂದೇ, ಪರದೆ ಮಾತ್ರ ಬೇರೆ. ಬೆನ್ನಟ್ಟುವ ದೃಶ್ಯದಲ್ಲಿ ಕಾರು ಹೊರಡುವುದು ಕಾಣುತ್ತದೆ, ನಿಲ್ಲುವುದು ಕಾಣುತ್ತದೆ, ನಡುವೆ ಓಡುವುದು ಮಾತ್ರ ಕಾಣುವುದಿಲ್ಲ. ಕೊಲೆಗಾರ ಯಾರೆಂದು ಐದನೇ ನಿಮಿಷಕ್ಕೇ ತಿಳಿಯಿತು, ಇದ್ದುದರಲ್ಲಿ ಒಳ್ಳೆಯ ಇಸ್ತ್ರಿ ಬಟ್ಟೆ ಅವನೊಬ್ಬನಿಗೇ ಕೊಟ್ಟಿದ್ದರು. ಎಲ್ಲ ಕಣ್ಣಿಗೇ ಕಾಣುತ್ತಿದ್ದರೂ ನಾಯಕನ ದನಿ ಹಿಂದಿನಿಂದ "ನಾನು ಈಗ ಮೆಟ್ಟಿಲು ಹತ್ತಿದೆ" ಎಂದು ಬೇರೆ ಹೇಳುತ್ತಿತ್ತು.

ಮೇಷ್ಟ್ರು ಇವರ ಕಿವಿಯಲ್ಲಿ ಪಾಠ ಮಾಡುತ್ತಿದ್ದರು. "ಡಿಟೆಕ್ಟಿವ್ ಅಂದ್ರೆ ಹೀಗಿರಬೇಕು ನೋಡಿ ಸಾರ್, ಏನು ಗತ್ತು. ನಿಮ್ಮ ಇಲಿ ಔಷಧಿ ಲೈನಲ್ಲಿ ಇದೆಲ್ಲ ಎಲ್ಲಿ ನೋಡ್ತೀರಿ ಪಾಪ." ಇವರು ಹೌದು ಸಾರ್ ಎಂದು ತಲೆಯಾಡಿಸಿದರು.

ಆಮೇಲೆ ಆಸ್ಪತ್ರೆಯ ದೃಶ್ಯ ಬಂತು.

ಅದು ಇವರ ಬದುಕಿನದೇ. ಹದಿನಾಲ್ಕು ವರ್ಷದ ಹಿಂದೆ, ಕೆಲಸ ಕೊಡಿಸುತ್ತೇನೆಂದು ನಾಲ್ಕು ಮನೆಯವರಿಗೆ ಮೋಸಮಾಡಿ ತಲೆಮರೆಸಿಕೊಂಡವನಿಗಾಗಿ ಇವರು ಒಂದು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಕಾದಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆರು ಗಂಟೆ. ಕಡೆಗೆ ತಡೆಯಲಾರದೆ ಎರಡು ನಿಮಿಷ ಮೂತ್ರಕ್ಕೆ ಹೋದರು. ಆ ಎರಡು ನಿಮಿಷದಲ್ಲೇ ಅವನು ಹೋಗಿಬಿಟ್ಟ, ಮತ್ತೆ ಯಾವತ್ತೂ ಸಿಗಲಿಲ್ಲ. ಈ ಸೋಲನ್ನು ಇವರು ನನ್ನೊಬ್ಬಳಿಗೆ, ಅದೂ ಒಂದೇ ಸಲ ಹೇಳಿದ್ದು.

ತಮ್ಮ ಅದನ್ನು ಹಾಗೆ ಹಾಗೆಯೇ ತೆಗೆದಿದ್ದ. ದುಡ್ಡಿಲ್ಲದ ಕಾರಣ ಅಲ್ಲಿ ಹಾಡಿಲ್ಲ, ಮ್ಯೂಸಿಕ್ ಇಲ್ಲ, ಕ್ಯಾಮೆರಾ ಕದಲುವುದೂ ಇಲ್ಲ. ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ ಒಬ್ಬ ಮನುಷ್ಯ, ಒಂದು ಗೇಟು, ಒಂದು ಕಲ್ಲುಬೆಂಚು. ಅವನು ಕಾಲು ಬದಲಾಯಿಸುತ್ತಾನೆ, ಹಲ್ಲು ಕಚ್ಚುತ್ತಾನೆ, ಎದ್ದು ಕೂರುತ್ತಾನೆ. ಜನಕ್ಕೆ ಅರ್ಥವಾಗಿ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ನಾಯಕ ಓಡಿ ಹೋಗಿ, ಓಡಿ ಬಂದು, ತೆರೆದ ಗೇಟು ನೋಡಿ ನಿಂತಾಗ ಆ ನಗು ತಟ್ಟನೆ ನಿಂತಿತು. ಥಿಯೇಟರಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಅಷ್ಟು ಹೊತ್ತು ಪಾಠ ಮಾಡುತ್ತಿದ್ದ ಮೇಷ್ಟ್ರು ಕೂಡ "ಅಯ್ಯೋ ಪಾಪ" ಎಂದರು. ನನಗಂತೂ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಪಕ್ಕಕ್ಕೆ ತಿರುಗುವ ಧೈರ್ಯ ಬರಲಿಲ್ಲ.

ಇಂಟರ್ವಲ್ಲಿನಲ್ಲಿ ಇವರು ನನಗೊಂದು ಬಿಸ್ಕತ್ತಿನ ಪೊಟ್ಟಣ ತಂದುಕೊಟ್ಟು, ಮೇಷ್ಟ್ರ ಜೊತೆ ಟೀ ಕುಡಿಯಲು ಹೋದರು. ಪೊಟ್ಟಣವನ್ನು ಒಡೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡೆ.

ಎರಡನೇ ಅರ್ಧದಲ್ಲಿ ಇಸ್ತ್ರಿ ಅಂಗಡಿಯ ದೃಶ್ಯ. ಇದು ಇವರ ಕಸುಬಿನ ಗುಟ್ಟು. ಇವರು ಯಾರಿಗೂ ಪ್ರಶ್ನೆ ಕೇಳುವುದಿಲ್ಲ, ಬೇಕೆಂದೇ ತಪ್ಪು ಹೇಳುತ್ತಾರೆ. ಪ್ರಶ್ನೆ ಕೇಳಿದರೆ ಜನ ಹುಷಾರಾಗುತ್ತಾರೆ, ತಪ್ಪು ಹೇಳಿದರೆ ತಿದ್ದಲು ಮುಂದೆ ಬರುತ್ತಾರೆ. ಚಿತ್ರದ ನಾಯಕ ಇಸ್ತ್ರಿಯವನ ಮುಂದೆ ನಿಂತು "ಪಕ್ಕದ ಮನೆ ಮುದುಕರು ಖಾಲಿ ಮಾಡ್ಕೊಂಡು ಹೋದ್ರಂತೆ" ಎನ್ನುತ್ತಾನೆ. ಇಸ್ತ್ರಿಯವನು "ಮುದುಕರೆಲ್ಲಿ ಸ್ವಾಮಿ, ಅವನೊಬ್ಬನೇ ಇರೋದು, ಪ್ರಾಯದವನು. ನಿನ್ನೆ ತಾನೇ ಬಿಳಿ ಶರ್ಟು ಕೊಟ್ಟುಹೋಗಿದಾನೆ, ಕಾಲರ್‌ನಲ್ಲಿ ರಕ್ತದ ಕಲೆ" ಎಂದು ಎಲ್ಲ ಕಕ್ಕುತ್ತಾನೆ. ಜನ ಚಪ್ಪಾಳೆ ತಟ್ಟಿದರು. ನನ್ನ ತಮ್ಮನ ಚಿತ್ರಕ್ಕೆ ಚಪ್ಪಾಳೆ ಬಿದ್ದಾಗ ಖುಷಿಪಡುವ ಭಾಗ್ಯವೂ ನನಗಿಲ್ಲದೆ ಹೋಯಿತು.

ಚಿತ್ರ ಮುಗಿದಾಗ ನಾಲ್ಕೂ ಮುಕ್ಕಾಲು. ಮೇಷ್ಟ್ರು "ಕೋಟು ಚೆನ್ನಾಗಿತ್ತು" ಎಂದು ತೀರ್ಪು ಕೊಟ್ಟು ಬಸ್ಸು ಹತ್ತಿದರು. ನಾವಿಬ್ಬರೂ ನಡೆದು ಹೊರಟೆವು. ಶಾಲೆ ಬಿಟ್ಟ ಹೊತ್ತು, ರಸ್ತೆ ತುಂಬ ಜನ. ಸ್ವಲ್ಪ ದೂರ ಹೋದಮೇಲೆ ಇವರು ಮಾತೆತ್ತಿದರು.

"ಆ ಇಸ್ತ್ರಿ ಅಂಗಡಿ ಸೀನು ಪರವಾಗಿಲ್ಲ. ನನಗೂ ಒಂದ್ಸಲ ಹಾಗೇ ಆಗಿತ್ತು. ಆದ್ರೆ ಆವತ್ತು ಆ ಶರ್ಟು ನೀಲಿ."

"ನೀಲಿ ಅಲ್ಲ ರೀ, ಚೆಕ್ಸು. ತೋಳಿನ ಗುಂಡಿ ಬೇರೆ ಕಿತ್ತೋಗಿತ್ತು" ಎಂದೆ.

ಎಂದಮೇಲೆ ನಾಲಗೆ ಕಚ್ಚಿಕೊಂಡೆ. ಇವರು ನಿಂತರು, ನಾನೂ ನಿಂತೆ. ಈಗಷ್ಟೇ ಪರದೆಯ ಮೇಲೆ ಇಸ್ತ್ರಿಯವನು ಬಿದ್ದ ಹಳ್ಳಕ್ಕೇ, ಅದೇ ಹಳ್ಳ ಎಂದು ಗೊತ್ತಿದ್ದೂ ನಾನು ಬಿದ್ದಿದ್ದೆ. ಇನ್ನು ಮುಚ್ಚಿಡುವುದೇನು ಬಂತು.

"ನಾನೇ ರೀ ಹೇಳಿದ್ದು. ಆಸ್ಪತ್ರೇದೂ ನಾನೇ, ಇಸ್ತ್ರೀದೂ ನಾನೇ. ಬೈದುಬಿಡಿ. ಬೇಕಾದ್ರೆ ಹೊಡೀರಿ. ಮಾತು ಮಾತ್ರ ಬಿಡಬೇಡಿ."

"ಗೊತ್ತು" ಎಂದರು. "ಪೋಸ್ಟರ್ ಬಂದ ದಿನ ನೀನು ನನ್ನ ಟೀಗೆ ಎರಡು ಸಲ ಸಕ್ಕರೆ ಹಾಕಿದೆ. ನಿನ್ನ ತಮ್ಮ 'ಭಾವ' ಅನ್ನೋಕೆ ತೊದಲಿದ. ಇಷ್ಟೂ ತಿಳೀದೆ ಇದ್ರೆ ನಾನು ನಿಜವಾಗ್ಲೂ ಇಲಿ ಔಷಧಿ ಮಾರಬೇಕಾಗಿತ್ತು. ಮೊದಲ ದಿನದ ಆಟಾನೇ ಹೋಗಿ ನೋಡಿದೆ, ಹಿಂದಿನ ಸಾಲಲ್ಲಿ ಕೂತು."

ಇವತ್ತು ಎರಡನೇ ಸಲವೇ ಎಂದು ಬಾಯಿ ತೆರೆದೆ.

"ಮೂರನೇ ಸಲ. ನಿನ್ನೆ ಕೆಲಸದ ಮಧ್ಯೆ ಇನ್ನೊಂದ್ಸಲ ಹೋಗಿದ್ದೆ."

ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು, ಅದರ ಹಿಂದೆಯೇ ಮೈಯೆಲ್ಲ ಉರಿದುಹೋಯಿತು. ನಾಲ್ಕು ದಿನ ನಾನು ಊಟ ನಿದ್ದೆ ಬಿಟ್ಟು ಸಾಯುತ್ತಿದ್ದರೆ ಈ ಮಹಾನುಭಾವರು ಟಿಕೆಟ್ ತೆಗೆದುಕೊಂಡು ಸಿನಿಮಾ ನೋಡುತ್ತಿದ್ದರು. ಹೇಳೋಕೇನಾಗಿತ್ತು ರೋಗ ಎಂದು ಕೇಳಿದೆ.

"ನನಗೂ ಭಯ ಇತ್ತು ಕಣೆ. ಜನ ಕಂಡುಹಿಡೀತಾರಾ ಅಂತ. ಮೊದಲ ದಿನ ಪೂರ್ತಿ ಜನಾನೇ ನೋಡಿದೆ, ಚಿತ್ರ ನೋಡ್ಲಿಲ್ಲ. ಆ ಕೋಟಿನ ಹುಡುಗನ್ನ ನೋಡಿದ ಕಣ್ಣಿಗೆ ನಾನು ಇನ್ನು ಹತ್ತು ವರ್ಷ ಪತ್ತೇದಾರ ಅನ್ನಿಸಲ್ಲ. ಅದಕ್ಕೇ ಇವತ್ತು ಮೇಷ್ಟ್ರನ್ನೂ ಕರ್ಕೊಂಡ್ ಬಂದಿದ್ದು. ಪಕ್ಕದಲ್ಲೇ ಕೂತಿದ್ರು, ಪಾಪ ಅಂದ್ರು ನನ್ನ. ನಿನ್ನ ತಮ್ಮ ಕೆಟ್ಟದಾಗಿ ತೆಗೆದಿದ್ದೇ ನಮ್ಮ ಪುಣ್ಯ."

"ಮತ್ತೆ ಎರಡನೇ ಸಲ ಯಾಕೆ ಹೋದ್ರಿ?"

ಮತ್ತೆ ನಡೆಯತೊಡಗಿದರು. "ಆಸ್ಪತ್ರೆ ಸೀನಿಗೆ. ಮೊದಲ ದಿನ ಜನ ನಕ್ಕಾಗ ಎದ್ದು ಹೋಗೋಣ ಅನ್ನಿಸ್ತು. ಆಮೇಲೆ ನಗು ನಿಂತಿತಲ್ಲ, ಆಗ ಗೊತ್ತಾಯ್ತು, ಅವರು ನನ್ನ ಕಡೇನೇ ಇದಾರೆ ಅಂತ. ಹದಿನಾಲ್ಕು ವರ್ಷ ಹೊಟ್ಟೇಲಿಟ್ಕೊಂಡಿದ್ದು ಅದು. ಇನ್ನೊಂದ್ಸಲ ನೋಡಬೇಕು ಅನ್ನಿಸ್ತು, ಹಗುರ ಆಯ್ತು. ಅದೊಂದನ್ನ ಮಾತ್ರ ಹುಡುಗ ಚೆನ್ನಾಗಿ ತೆಗೆದಿದಾನೆ. ದುಡ್ಡಿದ್ದಿದ್ರೆ ಅಲ್ಲೂ ಮ್ಯೂಸಿಕ್ ಹಾಕಿ ಕೆಡಿಸ್ತಿದ್ದ."

"ಹಂಗಾದ್ರೆ ಕೋಪ ಇಲ್ವಾ?"

"ಇತ್ತು. ಅರ್ಧ ದಿನ ಇತ್ತು." ಮತ್ತೆ ನಿಂತರು. "ನಾನು ಕೆಲಸದ ವಿಷಯ ಹೇಳುವಾಗೆಲ್ಲ ನೀನು ಸಾಕು ಸುಮ್ನಿರಿ ಅಂತಿದ್ದೆ. ಗೋಡೆಗೆ ಹೇಳ್ತಿದೀನಿ ಅಂದ್ಕೊಂಡಿದ್ದೆ. ಚಿತ್ರದಲ್ಲಿ ನೋಡಿದ್ರೆ ಕಲ್ಲುಬೆಂಚೂ ಬಿಟ್ಟಿಲ್ಲ ನೀನು. ಒಂದೊಂದು ಮಾತೂ ಕೇಳಿಸ್ಕೊಂಡಿದೀಯ."

ನನಗೆ ಅಳು ಬಂತು, ಕೋಪವೂ ಬಂತು. "ಕೇಳಿಸ್ಕೊಳ್ದೆ ಎಲ್ಲಿಗೆ ಹೋಗ್ಲಿ? ಯಾವನ ಮನೆ ಮುಂದೆ ನಿಂತಿದಾರೋ, ಯಾವನು ಹಿಡ್ಕೊಂಡು ಬಡೀತಿದಾನೋ ಅಂತ ನೀವು ಬರೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ. ಬಂದಮೇಲೆ ಏನಾಯ್ತು ಅಂತ ಪೂರ್ತಿ ಕೇಳದೆ ಇದ್ರೆ ನನಗೆ ನಿದ್ದೆ ಹತ್ತುತ್ತಾ? ಕೇಳೋಕೂ ಭಯ, ಅದಕ್ಕೇ ಸಾಕು ಅಂತಿದ್ದೆ."

ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ, ಹೆಂಡತಿಯಿಂದಲೂ ನಾಲ್ಕು ಹೆಜ್ಜೆ ಹಿಂದೆಯೇ ನಡೆಯುವ ಮನುಷ್ಯ, ಅಷ್ಟು ಜನದ ನಡುವೆ ನನ್ನ ಕೈ ಹಿಡಿದುಕೊಂಡರು. ಎದುರಿಗೆ ಬರುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಜನ ನೋಡ್ತಿದಾರೆ ರೀ ಎಂದು ಕೈ ಎಳೆದುಕೊಳ್ಳಲು ಹೋದೆ.

"ನೋಡ್ಲಿ ಬಿಡು" ಎಂದರು.