ಟೈರಿನ ಅಗಲಕ್ಕೆ ಮೂರು ಮೂಟೆ ಕಾಫಿ

ತೊಂಬತ್ತರ ದಶಕದ ಕೊನೆಯಲ್ಲಿ ನನಗೊಂದು ಹುಚ್ಚು ಹಿಡಿದಿತ್ತು. ಸಕಲೇಶಪುರದ ಸುತ್ತಮುತ್ತ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಯಾವುದಾದರೂ ಒಣಗಿದ ಗದ್ದೆಯಲ್ಲಿ ಕಾರಿನ ರೇಸು ನಡೆಯುತ್ತಿತ್ತು. ಆ ವರ್ಷ ಹೆಂಗಸರಿಗೂ ಒಂದು ರೇಸು ಇದೆಯೆಂದು ಕೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ. ಮನೆಯವರು ನನಗೆ ಗಂಡು ಹುಡುಕುತ್ತಿದ್ದರು, ನಾನು ಸ್ಪ್ರಿಂಗು ಹುಡುಕುತ್ತಿದ್ದೆ.

ಆನೇಮಹಲಿನ ನಮ್ಮ ಮನೆಯಲ್ಲಿ ಒಂದು ಹಳೆಯ ಸಣ್ಣ ಕಾರಿತ್ತು. ಅದರ ಸ್ಪ್ರಿಂಗು ಕತ್ತರಿಸಿ ತಗ್ಗಿಸಿ, ಕೆಂಪು ಬಣ್ಣ ಹೊಡೆಸಿ, ಸ್ಪೋರ್ಟ್ಸ್ ಕಾರು ಎಂದು ಹೇಳಿಕೊಂಡು ಓಡಾಡಿದೆ. ಅಮ್ಮ ಅದನ್ನು ಕುಳ್ಳಿ ಎಂದು ಕರೆದಳು, ಆದರೂ ಹತ್ತುತ್ತಿದ್ದಳು. ಅಪ್ಪ ಮಾತ್ರ ನಾನು ಓಡಿಸುವಾಗ ಒಂದು ದಿನವೂ ಹತ್ತಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ತಮ್ಮ ಜೀಪು ತೆಗೆಯುತ್ತಿದ್ದರು.

ಉಳಿದದ್ದು ಟೈರು. ಮೊದಲಿದ್ದದ್ದು ನೂರನಲವತ್ತೈದು ಮಿಲಿಮೀಟರಿನ ಪೀಚಲು ಟೈರು. ನನಗೆ ನೂರೆಪ್ಪತ್ತೈದರದ್ದೇ ಬೇಕಿತ್ತು.

"ಬ್ಯಾಡ ಅಮ್ಮಣ್ಣಿ, ನೂರೈವತ್ತೈದು ಸಾಕು," ಎಂದರು ಪೇಟೆಯ ಟೈರ್ ಅಂಗಡಿಯ ಯಜಮಾನರು. "ಕಾರು ತಗ್ಗಾದಷ್ಟೂ ಟೈರಿಗೆ ಜಾಗ ಕಮ್ಮಿ. ತಿರುವಲ್ಲಿ ಮಡ್‌ಗಾರ್ಡಿಗೆ ಉಜ್ಜತೈತೆ."

"ಸಣ್ಣದು ನೋಡೋಕೆ ಚೆನ್ನಾಗಿರಲ್ಲ," ಎಂದೆ. ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಹಾಕಿಸಿಕೊಂಡು ಬಂದವಳೇ ಕಾರನ್ನು ಕಾಫಿ ಒಣಗಿಸುವ ಕಣಕ್ಕೆ ಒಯ್ದೆ. ನಮ್ಮಲ್ಲಿ ಏನನ್ನು ಅಳೆಯಬೇಕಾದರೂ ಕಣಕ್ಕೇ ಹೋಗುವುದು, ತೋಟದಲ್ಲಿ ಮಟ್ಟವಾದ ಜಾಗವೆಂದರೆ ಅದೊಂದೇ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋದವು. ಅಂಗಡಿಯವರಿಗೆ ವಯಸ್ಸಾಯಿತು ಎಂದುಕೊಂಡೆ. ಕಾರು ಖಾಲಿಯಿದೆ, ನಮ್ಮ ರಸ್ತೆಗಳು ಕಣದಂತಿಲ್ಲ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ರೇಸಿಗೆ ಒಂದು ವಾರವಿರುವಾಗ ದೋಣಿಗಲ್ಲಿನಲ್ಲಿ ನೆಂಟರ ಗೃಹಪ್ರವೇಶ. ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಮೂವರನ್ನೂ ಕೂರಿಸಿಕೊಂಡು ಹೋದೆ. ಹೋಗುವಾಗ ಇಳಿಜಾರು, ಹೇಗೋ ಆಯಿತು. ಹೋಳಿಗೆ ಊಟ ಮುಗಿಸಿ ಘಾಟಿ ಹತ್ತುವಾಗ ಮೊದಲ ತಿರುವಿನಲ್ಲೇ ಹಿಂದಿನಿಂದ ಗರಗಸದ ಸದ್ದು ಬಂತು.

"ಏನೇ ಇದು, ಸುಟ್ಟ ವಾಸ್ನೆ?" ಎಂದಳು ದೊಡ್ಡಮ್ಮ.

"ಲಾರಿದು," ಎಂದೆ. ಎರಡನೆಯ ತಿರುವಿನಲ್ಲಿ ಲಾರಿ ಇರಲಿಲ್ಲ, ಹೊಗೆ ಇತ್ತು. ರೇಷ್ಮೆ ಸೀರೆಯ ಮೂವರೂ ಇಳಿದು, ತಾಂಬೂಲದ ತೆಂಗಿನಕಾಯಿ ಹಿಡಿದುಕೊಂಡು, ಒಂದೊಂದು ತಿರುವನ್ನೂ ನಡೆದೇ ಹತ್ತಿದರು. ನಾನು ಖಾಲಿ ಕಾರು ಓಡಿಸಿಕೊಂಡು ಮುಂದೆ ಹೋಗಿ ಕಾಯುತ್ತಿದ್ದೆ. ನಾಚಿಕೆಯಿಂದ ಕುಗ್ಗಿಹೋಗಿದ್ದೆ.

ಮನೆ ತಲುಪಿದ ಮೇಲೆ ಅಪ್ಪ ಉಜ್ಜಿ ಹರಿದ ಟೈರಿನ ಮೇಲೆ ಕೈಯಾಡಿಸಿ ಹೇಳಿದರು: "ನಾಕ್ ಜನ ಕೂರೋಕಾಗ್ದಿದ್ರೆ ಅದು ಕಾರೇ ಅಲ್ಲ. ರೇಸೂ ಬ್ಯಾಡ, ಗೀಸೂ ಬ್ಯಾಡ."

ಅತ್ತುಬಿಟ್ಟೆ. ನಿಜವಾಗಿ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಕೇಳಿದೆ, "ನಾಲ್ಕು ಜನರ ಭಾರ ಹಾಕಿದ್ರೂ ಉಜ್ಜದಿದ್ರೆ?"

"ಆಗ ನೋಡಾಣ."

ಅಂಗಡಿಯ ಯಜಮಾನರು ಹರಿದ ಟೈರನ್ನು ಒಮ್ಮೆ ತಿರುಗಿಸಿ ನೋಡಿ ನೂರೈವತ್ತೈದರ ಟೈರು ಹಾಕಿಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮರುದಿನ ಬೆಳಿಗ್ಗೆ ತೋಟದ ಸ್ಟೋರಿನಿಂದ ಐವತ್ತು ಕೆ.ಜಿ.ಯ ಮೂರು ಕಾಫಿ ಮೂಟೆ ತರಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಮುಂದಿನ ಸೀಟಿಗೆ ನಾಲ್ಕನೆಯದು ಬೇಕಿತ್ತು. ಉಳಿದ ಕಾಫಿಯೆಲ್ಲ ಆಗಲೇ ಹಾಸನಕ್ಕೆ ಹೋಗಿಬಿಟ್ಟಿತ್ತು.

ಅಪ್ಪ ಪಂಚೆ ಎತ್ತಿ ಕಟ್ಟಿ, ಮುಂದಿನ ಬಾಗಿಲು ತೆಗೆದು ಕೂತರು. "ನಡಿ," ಎಂದರು. ಒಂದು ಕೈಯಲ್ಲಿ ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದಿದ್ದರು.

ಕಣ ಬಿಟ್ಟು ತೋಟದ ಹಳ್ಳಕೊಳ್ಳದ ದಾರಿಗೇ ಇಳಿಸಿದೆ. ಸ್ಟೇರಿಂಗು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಟೈರಿಗೆ ಕಿವಿಗೊಟ್ಟಿದ್ದರು. ಏನೂ ಸದ್ದಿಲ್ಲ.

ಆ ಭಾನುವಾರದ ರೇಸಿನಲ್ಲಿ ನಾಲ್ವರಿದ್ದೆವು, ನಾನು ನಾಲ್ಕನೆಯವಳಾದೆ. ಆ ಬೇಸರ ಒಂದು ವಾರವೂ ಉಳಿಯಲಿಲ್ಲ. ಉಳಿದದ್ದು ಆ ಬೆಳಗು. ಕಣಕ್ಕೆ ವಾಪಸು ಬಂದು ಎಂಜಿನ್ ಆರಿಸಿದರೂ ಅಪ್ಪ ಇಳಿಯಲಿಲ್ಲ. ಬಾಗಿಲಿನ ಹಿಡಿ ಬಿಟ್ಟು, ಕೈ ಮಡಿಲಲ್ಲಿಟ್ಟುಕೊಂಡು ಹೇಳಿದರು:

"ಇನ್ನೊಂದ್ ಸುತ್ತು ಹೊಡಿ ಮಗ. ಈ ಸಲ ವಸಿ ಜೋರಾಗಿ."